ಕೊತ್ತಂಬರಿಗೆ ಕೊಡೆ ಬಟ್ಟೆ, ತೆಂಗಿನಕಾಯಿಗೆ ಪ್ಯಾಂಟು

ಕೊತ್ತಂಬರಿ ಸೊಪ್ಪಿಗೆ ಕೊಡೆ ಬಟ್ಟೆ. ಅಕ್ಕಿಹಿಟ್ಟಿಗೆ ಪಂಚೆ, ಅದೂ ಎರಡು ಪದರ. ಬೆಂಡೆಕಾಯಿ, ಹುರುಳಿಕಾಯಿಗೆ ನೂಲಿನ ಸೀರೆ. ತೆಂಗಿನಕಾಯಿ, ಈರುಳ್ಳಿಯಂಥ ಭಾರದ ಸಾಮಾನಿಗೆ ಟೆರಿಕಾಟ್ ಪ್ಯಾಂಟಿನ ಕಾಲು. ದೇವಸ್ಥಾನಕ್ಕೆ ಒಯ್ಯುವ ಹೂವು ಹಣ್ಣಿಗೆ ಹರಿದ ಪಟ್ಟೆ ಸೀರೆಯ ತುಂಡು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಡಿಗೆಮನೆ ಬಾಗಿಲ ಹಿಂದಿನ ಗೂಟಕ್ಕೆ ಈ ಚೀಲಗಳೆಲ್ಲ ಒಂದರ ಮೇಲೊಂದು ನೇತುಬಿದ್ದಿರುತ್ತಿದ್ದವು. ಯಾವುದಕ್ಕೆ ಯಾವುದು ಎಂದು ಯಾರೂ ಬರೆದಿಟ್ಟಿರಲಿಲ್ಲ. ಹಿಟ್ಟಿನ ಗಿರಣಿಗೆ ತಪ್ಪಿ ಸೀರೆ ಚೀಲ ಹಿಡಿದು ಹೋದ ಹುಡುಗ ಬೀದಿಯುದ್ದಕ್ಕೂ ಬಿಳಿ ಗೆರೆ ಎಳೆದುಕೊಂಡು ಬಂದು ಬೈಸಿಕೊಂಡರೆ ಆ ಪಾಠ ಜನ್ಮಕ್ಕಾಗುತ್ತಿತ್ತು.

ಕೊಡೆ ಬಟ್ಟೆಯ ವಿಚಾರ ಇವತ್ತಿನವರಿಗೆ ನಂಬಿಕೆ ಬರುವುದಿಲ್ಲ. ಆಗಿನದು ಮರದ ಹಿಡಿಯ ದೊಡ್ಡ ಕರಿ ಕೊಡೆ. ಕಡ್ಡಿ ಮುರಿದು, ರಿಪೇರಿಯವನೂ ಕೈಯೆತ್ತಿದ ಮೇಲೆ ಬಟ್ಟೆಯನ್ನು ಕಡ್ಡಿಯಿಂದ ಬಿಚ್ಚುತ್ತಿದ್ದರು. ಎಂಟು ತ್ರಿಕೋನದ ತುಂಡುಗಳು. ಒಂದನ್ನು ನೆಟ್ಟಗೆ, ಇನ್ನೊಂದನ್ನು ತಲೆಕೆಳಗಾಗಿ ಜೋಡಿಸಿದರೆ ಪಟ್ಟಿ ನೇರವಾಗುತ್ತದೆ. ಒಂದು ಕೊಡೆಗೆ ಎರಡು ಚೀಲ. ಗಾಂಧಿಬಜಾರಿನಲ್ಲಿ ಸೊಪ್ಪಿನವರು ನೀರು ಚಿಮುಕಿಸಿದ ಕಟ್ಟನ್ನು ಹಾಗೇ ಒಳಗೆ ಹಾಕಿದರೂ ಪಕ್ಕದ ಸೀರೆ ಒದ್ದೆಯಾಗುತ್ತಿರಲಿಲ್ಲ. ಈಗಿನ ಮೂರು ಮಡಿಕೆಯ ಕೊಡೆಯಲ್ಲಿ ಆ ಬಟ್ಟೆಯೇ ಇಲ್ಲ. ಒಳಗಿನ ಬೆಳ್ಳಿ ಬಣ್ಣ ಎರಡು ಮಳೆಗಾಲಕ್ಕೆ ಹೊಟ್ಟಿನ ಹಾಗೆ ಉದುರುತ್ತದೆ.

ನಮ್ಮದು ವಠಾರ. ಆರು ಮನೆ, ಒಂದು ನಲ್ಲಿ, ಒಂದು ಹೊಲಿಗೆ ಮಿಷನ್ನು. ಮಿಷನ್ನು ಇದ್ದದ್ದು ಹಿಂದಿನ ಮನೆಯಲ್ಲಿ. ಆ ಮನೆಯಾಕೆ ಎಲ್ಲರ ಬಾಯಲ್ಲೂ ಮಿಷಿನ್ ಅತ್ತೆ. ರವಿಕೆಗೆ ದುಡ್ಡು ತೆಗೆದುಕೊಳ್ಳುತ್ತಿದ್ದರು, ಲಂಗಕ್ಕೂ ತೆಗೆದುಕೊಳ್ಳುತ್ತಿದ್ದರು. ಚೀಲಕ್ಕೆ ಮಾತ್ರ ಇಲ್ಲ. "ಹಳೇ ಬಟ್ಟೆಗೆಂಥಾ ಕೂಲಿ ಕಣೇ, ದಾರದ ಉಂಡೆ ತಂದುಕೊಟ್ಟು ಹೋಗು" ಎನ್ನುತ್ತಿದ್ದರು. ಮಧ್ಯಾಹ್ನದ ಕಾಫಿ ಮುಗಿದು, ಗಂಡಸರು ಇನ್ನೂ ಬಾರದ ಹೊತ್ತಿನಲ್ಲಿ ಅವರ ನಡುಮನೆಯಲ್ಲಿ ಹೆಂಗಸರು ಹಳೆ ಬಟ್ಟೆಯ ಗಂಟು ಬಿಚ್ಚಿ ಕೂರುತ್ತಿದ್ದರು.

ಹೊಲಿಯುವುದಕ್ಕಿಂತ ಮೊದಲಿನ ಕೆಲಸವೇ ದೊಡ್ಡದು. ಅತ್ತೆ ಪ್ಯಾಂಟನ್ನು ಎರಡೂ ಕೈಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಕೂರುವ ಜಾಗ ಮತ್ತು ಮೊಣಕಾಲು ಮೊದಲು ಸವೆಯುತ್ತವೆ, ಅಲ್ಲಿ ಬೆಳಕು ಜರಡಿಯಲ್ಲಿ ಬಂದ ಹಾಗೆ ಬರುತ್ತದೆ. ಮೊಣಕಾಲಿನಿಂದ ಕೆಳಗೆ ಬಟ್ಟೆ ಹೊಸದರ ಹಾಗೇ ಇರುತ್ತದೆ. ಕತ್ತರಿ ಬೀಳುವುದು ಅಲ್ಲಿ. ಎರಡು ಕಾಲನ್ನೂ ಒಳಹೊಲಿಗೆಯ ಗುಂಟ ಬಿಚ್ಚಿ ಹರಡಿ ಜೋಡಿಸಿದರೆ ಅಗಲವಾದ ಒಂದು ಚೀಲ. ಬಿಚ್ಚದೆ ಒಂದೊಂದು ಕಾಲಿನ ತಳ ಹೊಲಿದರೆ ಎಣ್ಣೆ ಸೀಸೆ ಇಳಿಬಿಡಲು ಎರಡು ಉದ್ದ ಚೀಲ. ಪ್ಯಾಂಟಿನ ಕೆಳಮಡಿಕೆಯೇ ಚೀಲದ ಬಾಯಿ, ಅದನ್ನು ದರ್ಜಿ ಮೊದಲೇ ಮಡಿಚಿ ಕೊಟ್ಟಿರುತ್ತಾನೆ. ಸೊಂಟದ ಪಟ್ಟಿಯೊಳಗೆ ಗಟ್ಟಿ ಕ್ಯಾನ್ವಾಸ್ ಇರುತ್ತದಲ್ಲ, ಅದನ್ನು ಎರಡು ಮಾಡಿದರೆ ಎರಡು ಹಿಡಿ. ಹಿಡಿ ಕೂರುವ ಕಡೆ ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ತಳಕ್ಕೆ ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ ಹೊಲಿಗೆ. ಕೊನೆಗೆ ಎರಡು ಮೂಲೆಗಳನ್ನು ಒಳಕ್ಕೆ ಮಡಿಚಿ ಅಡ್ಡ ಹೊಡೆದರೆ ಚೀಲ ನೆಲದ ಮೇಲೆ ತಾನೇ ಕೂರುತ್ತದೆ. ಪದರ ದಪ್ಪವಾದ ಕಡೆ ಮಾಮೂಲು ಸೂಜಿ ತೆಗೆದು 18ನೇ ನಂಬರಿನ ಸೂಜಿ ಹಾಕುವುದು. ಹಿಂದಿನ ಜೇಬನ್ನು ಕಿತ್ತು ಚೀಲದ ಒಳಮಗ್ಗುಲಿಗೆ ಹೊಲಿದುಕೊಟ್ಟರೆ ಚಿಲ್ಲರೆ ಇಡಲು ಜಾಗ.

1970ರ ದಶಕದಲ್ಲಿ ಬೆಲ್‌ಬಾಟಂ ಬಂದಾಗ ವಠಾರದ ಹಿರಿಯರೆಲ್ಲ ಮುಖ ಸಿಂಡರಿಸಿದರು. ಬೀದಿ ಗುಡಿಸುವ ಪ್ಯಾಂಟು ಎಂದರು. ಮಿಷಿನ್ ಅತ್ತೆ ಒಬ್ಬರೇ ಏನೂ ಅನ್ನಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಆ ಪ್ಯಾಂಟುಗಳು ಅವರ ಕೈಗೆ ಬಂದವು, ಮೊಣಕಾಲಿನ ಕೆಳಗೆ ಅಷ್ಟಗಲದ ಬಟ್ಟೆ ಹೊತ್ತುಕೊಂಡು. ನಮ್ಮ ಬೀದಿಯಲ್ಲಿ ಅಷ್ಟು ಒಳ್ಳೆಯ ಚೀಲಗಳು ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಸೀರೆಯ ಕಥೆ ಬೇರೆ. ನೂಲಿನ ಸೀರೆ ನೇರವಾಗಿ ಚೀಲವಾಗುತ್ತಿರಲಿಲ್ಲ. ಉಟ್ಟು ಮೆತ್ತಗಾದ ಮೇಲೆ ಮೊದಲ ಹಕ್ಕು ಬಾಣಂತಿಯದು, ಕೂಸಿನದು. ಅಂಥ ಯಾರೂ ಮನೆಯಲ್ಲಿ ಇಲ್ಲದ ವರ್ಷ ದಿಂಬಿನ ಗೌಸು. ಬೇಸಿಗೆಯಲ್ಲಿ ಮಹಡಿಯ ಮೇಲೆ ಸಂಡಿಗೆ ಇಡಲು ಹಾಸು. ಅಂಚು ಮಾತ್ರ ಕೊನೆತನಕ ಗಟ್ಟಿ, ಹಾಗಾಗಿ ಚೀಲದ ಹಿಡಿಗೆ ಅಂಚೇ. ಒಡಲಿನ ಬಟ್ಟೆ ಚೀಲವಾಗಿ ತರಕಾರಿ ಹೊತ್ತು, ತಳ ಜಾಳಾದ ಮೇಲೆ ಒಲೆಯ ಪಕ್ಕದ ಮಸಿಬಟ್ಟೆ, ಆಮೇಲೆ ನೆಲ ಒರೆಸುವುದು. ಮೈಸೂರು ಸಿಲ್ಕಿನ ಕ್ರೇಪ್ ಸೀರೆ ಈ ಸಾಲಿಗೆ ಬರುತ್ತಲೇ ಇರಲಿಲ್ಲ. ಹೊಲಿಯುವಾಗ ಜಾರುತ್ತದೆ, ಹೊತ್ತರೆ ಜೋಲುತ್ತದೆ. ಚೀಲದ ಮಟ್ಟಿಗೆ ಅದು ನಿಷ್ಪ್ರಯೋಜಕ ಎಂದು ಅತ್ತೆಯ ತೀರ್ಪು. ಆದರೆ ಹಳೆಯ ಗಟ್ಟಿ ರೇಷ್ಮೆಗೆ ಬೇರೆ ಮರ್ಯಾದೆ. ಪಟ್ಟೆಗೆ ಮೈಲಿಗೆ ಇಲ್ಲವಾದ್ದರಿಂದ ದೇವರ ಸಾಮಾನಿನ ಚೀಲ ಅದರದ್ದೇ ಆಗಬೇಕು. ನೂಲಿನ ಚೀಲದಲ್ಲಿ ಬಂದ ಹೂವನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ದೊಡ್ಡ ಗಣಪತಿಯ ಗುಡಿಗೆ ಹೊರಟರೆ ಅವರ ಕೈಯಲ್ಲಿ ಮಾಸಿದ ಜರಿ ಅಂಚಿನ ಒಂದು ಪುಟ್ಟ ಚೀಲ. ಅದು ಅವರ ಅತ್ತೆಯ ಧಾರೆ ಸೀರೆ.

ಅವರೆಕಾಯಿಗೆ ಪ್ರತ್ಯೇಕ ಚೀಲ. ಡಿಸೆಂಬರ್-ಜನವರಿಯಲ್ಲಿ ಸೊಗಡಿನ ಕಾಯಿ ತಂದ ಚೀಲಕ್ಕೆ ಅಂಟುಅಂಟಾದ ಎಣ್ಣೆ ಹತ್ತಿ, ಎಷ್ಟು ಒಗೆದರೂ ಶಿವರಾತ್ರಿಯವರೆಗೆ ಘಮ ಬಿಡುವುದಿಲ್ಲ. ಸಾರಿನಪುಡಿ ಮಾಡಿಸಿ ತಂದ ಚೀಲವೂ ಹಾಗೆಯೇ ಜಾತಿ ಕೆಟ್ಟದ್ದು, ರಾಗಿಹಿಟ್ಟಿಗೆ ಅದು ಮತ್ತೆ ಬಾರದು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮಾತ್ರ ಗೂಟದಿಂದ ಎಲ್ಲ ಚೀಲಗಳೂ ಕೆಳಗಿಳಿಯುತ್ತಿದ್ದವು. ಮಣ್ಣು ಮೆತ್ತಿದ ಹಸಿ ಕಡಲೆಕಾಯಿಗೆ ಒಂದು, ಹುರಿದದ್ದಕ್ಕೆ ಒಂದು, ಕಲ್ಯಾಣಸೇವೆ, ಬತ್ತಾಸಿಗೆ ಇನ್ನೊಂದು.

ಈ ಕಾಲವನ್ನು ಬಂಗಾರವೆಂದು ಹೇಳಲು ನನಗೆ ಮನಸ್ಸಿಲ್ಲ. ಚೀಲದಲ್ಲಿ ಬಡತನವಿತ್ತು. ನಮ್ಮ ಅಜ್ಜಿಯ ಪೀಳಿಗೆಯವರು ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆ ಸಿಗದೆ ಒದ್ದಾಡಿದವರು. ಒಂದು ಚೂರು ಬಿಸಾಡಲು ಅವರಿಗೆ ಕೈ ಬರುತ್ತಿರಲಿಲ್ಲ. ಚೀಲದಲ್ಲಿ ಹೆಂಗಸರ ಮಧ್ಯಾಹ್ನಗಳಿದ್ದವು, ಆ ಮಧ್ಯಾಹ್ನಗಳಿಗೆ ಯಾರೂ ಲೆಕ್ಕ ಇಡಲಿಲ್ಲ. ಮಕ್ಕಳಾದ ನಮಗೆ ಅವಮಾನವೂ ಇತ್ತು. ನಮ್ಮ ತಂದೆಯನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅಣ್ಣನ ಬೂದು ಗೆರೆಯ ಪ್ಯಾಂಟನ್ನು ಇಡೀ ಬೀದಿ ಹತ್ತು ವರ್ಷ ನೋಡಿತ್ತು. ಅದು ಚೀಲವಾಗಿ ನನ್ನ ಕೈಗೆ ಬಂದಾಗ ಮಕ್ಕಳಕೂಟದ ಹತ್ತಿರ ಎದುರಾದ ಸಹಪಾಠಿ, "ಏನೇ, ನಿಮ್ಮಪ್ಪನ ಕಾಲು ಹಿಡ್ಕೊಂಡು ಎಲ್ಲಿಗೆ ಹೊರಟೆ?" ಎಂದು ಕೇಳಿಬಿಟ್ಟಳು. ವಾರ ಕಳೆಯುವವರೆಗೆ ಸಾಮಾನು ತರಲು ತಮ್ಮನನ್ನು ಕಳಿಸಿದೆ.

ಇನ್ನೊಂದನ್ನೂ ಒಪ್ಪಬೇಕು. ಬಟ್ಟೆ ಚೀಲ ಎಂದರೆ ಹತ್ತಿ, ಹತ್ತಿ ಎಂದರೆ ಪವಿತ್ರ ಎಂದು ಮಾತಾಡುವವರು ಈಗ ಬಹಳ. ನಮ್ಮ ಮನೆಯ ಅತ್ಯಂತ ಗಟ್ಟಿ ಚೀಲಗಳು ಟೆರಿಲಿನ್ನಿನವು, ಟೆರಿಕಾಟಿನವು. ಟೆರಿಲಿನ್ ಎಂದರೆ ಪಾಲಿಯೆಸ್ಟರ್. ನೀರಿನ ಬಾಟಲಿಯೂ ಅದೇ ವಸ್ತುವಿನದು. ಪ್ಲಾಸ್ಟಿಕ್ಕು ನಮ್ಮ ಅಡಿಗೆಮನೆ ಬಾಗಿಲ ಹಿಂದೆ ಕವರುಗಳಿಗಿಂತ ಮುಂಚೆಯೇ ಪ್ಯಾಂಟಿನ ವೇಷದಲ್ಲಿ ಬಂದು ನೇತಾಡುತ್ತಿತ್ತು. ಆದರೆ ಹತ್ತು ವರ್ಷ ಅಣ್ಣನ ಮೈಮೇಲೆ, ಇಪ್ಪತ್ತು ವರ್ಷ ನಮ್ಮ ಕೈಯಲ್ಲಿ ದುಡಿದ ಪ್ಲಾಸ್ಟಿಕ್ಕಿಗೂ ಅಂಗಡಿಯಿಂದ ಮನೆವರೆಗಿನ ಹತ್ತು ನಿಮಿಷ ಬಾಳುವ ಪ್ಲಾಸ್ಟಿಕ್ಕಿಗೂ ಒಂದೇ ಲೆಕ್ಕ ಹಾಕಲಾಗದು.

ಬಟ್ಟೆಯ ಬಗ್ಗೆ ಈ ಊರಿಗೆ ಅಷ್ಟು ತಿಳಿವಳಿಕೆ ಇದ್ದದ್ದು ಸುಮ್ಮನೆ ಅಲ್ಲ. ಇದು ಬಟ್ಟೆ ನೇಯ್ದ ಊರು. ಪೇಟೆಯ ಗಲ್ಲಿಗಳಲ್ಲಿ ಮಗ್ಗಗಳು. 1884ರಲ್ಲಿ ಶುರುವಾಗಿ ಬಿನ್ನಿ ಕಂಪನಿಯ ಕೈಗೆ ಬಂದ ಮಿಲ್ಲಿನ ಖಾಕಿ ಸೈನ್ಯಕ್ಕೆ ಹೋಗುತ್ತಿತ್ತು. ಮಲ್ಲೇಶ್ವರದ ಮಗ್ಗುಲಲ್ಲಿ ರಾಜಾ ಮಿಲ್. ಕೇಶವಾನಂದ ಭಾರತಿ ಮೊಕದ್ದಮೆಯ ಜತೆಜತೆಗೆ ಕಾನೂನು ವಿದ್ಯಾರ್ಥಿಗಳು ಓದುವ 1980ರ ಸುಪ್ರೀಂ ಕೋರ್ಟ್ ತೀರ್ಪಿಗೆ ಹೆಸರು ಕೊಟ್ಟ ಮಿನರ್ವ ಮಿಲ್ಲೂ ಬೆಂಗಳೂರಿನದೇ. ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬರಾದರೂ ಪ್ರತಿ ಬೀದಿಯಲ್ಲಿ ಇರುತ್ತಿದ್ದರು. ಹಾಸು ಹೊಕ್ಕು, ನೂಲಿನ ನಂಬರು ಅವರ ಬಾಯಿಂದ ಹೆಂಗಸರ ಕಿವಿಗೆ ಬೀಳುತ್ತಿತ್ತು. ಬಿನ್ನಿ ಖಾಕಿಯ ಚೀಲ ಹರಿಯುವುದಿಲ್ಲ, ಹರಿದರೆ ನೂಲು ಬಿಚ್ಚುವುದಿಲ್ಲ ಎಂದು ಮಿಷಿನ್ ಅತ್ತೆ ಹೇಳುತ್ತಿದ್ದ ಮಾತು ಅಲ್ಲಿಂದ ಬಂದಿರಬೇಕು. ಬಿನ್ನಿ ಮಿಲ್ಲಿನ ನೆಲದಲ್ಲಿ ಈಗ ಬಹುಮಹಡಿ ಮನೆಗಳು. ರಾಜಾ ಮಿಲ್ ಇದ್ದ ಕಡೆ ಮಂತ್ರಿ ಸ್ಕ್ವೇರ್ ಮಾಲ್. 2010ರಿಂದ ಅಲ್ಲಿ ಬೇರೆ ದೇಶಗಳಲ್ಲಿ ನೇಯ್ದು ಹೊಲಿದ ಬಟ್ಟೆಯೂ ಮಾರಾಟಕ್ಕಿದೆ.

ಚೀಲಕ್ಕೆ ಮೊದಲ ಶತ್ರು ಪ್ಲಾಸ್ಟಿಕ್ ಅಲ್ಲ, ಸ್ಟೀಲು. ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತು, ಹೆಗಲಿಗೆ ಬಟ್ಟೆಯ ಗಂಟು ಹಾಕಿಕೊಂಡು "ಹಳೇ ಬಟ್ಟೆಗೆ ಪಾತ್ರೇ..." ಎಂದು ಕೂಗುತ್ತ ಮಧ್ಯಾಹ್ನ ಹೆಂಗಸರು ಬರುತ್ತಿದ್ದರು. ಅವರಿಗೂ ಬೇಕಾದದ್ದು ಅದೇ ಟೆರಿಕಾಟ್ ಪ್ಯಾಂಟು, ಅದೇ ಜರಿ ಅಂಚು. ಜಗಲಿಯ ಮೇಲೆ ಚೌಕಾಸಿ ಅರ್ಧ ಗಂಟೆ. ಅವರೂ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಿದ್ದರು, ಮಿಷಿನ್ ಅತ್ತೆಯೂ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಪಾತ್ರೆಯಾಕೆ ಸವೆದ ಜಾಗದ ಮೇಲೆ ಬೆರಳಿಟ್ಟರೆ ಅತ್ತೆ ಗಟ್ಟಿ ಜಾಗದ ಮೇಲೆ ಬೆರಳಿಡುತ್ತಿದ್ದರು. ಎರಡು ಪ್ಯಾಂಟು, ಒಂದು ಸೀರೆಗೆ ಒಂದು ಡಬರಿ. ಚೀಲವಾಗಿ ಮನೆಯಲ್ಲೇ ಉಳಿಯಬೇಕಿದ್ದ ಎಷ್ಟೋ ಬಟ್ಟೆ ಹೀಗೆ ಹಾಲು ಕಾಯಿಸುವ ಪಾತ್ರೆಯಾಗಿ ಒಳಗೆ ಹೋಯಿತು.

ತಾಂಬೂಲದ ಚೀಲಗಳನ್ನು ಇಲ್ಲಿ ಸೇರಿಸಬಹುದೋ ಇಲ್ಲವೋ, ಅವು ಹೊಸ ಬಟ್ಟೆಯವು. ಆದರೂ ಒಂದು ಮಾತು. ಮದುವೆಯಲ್ಲಿ ತೆಂಗಿನಕಾಯಿ ಹಾಕಿಕೊಡುತ್ತಿದ್ದ ಚೀಲದ ಮೇಲೆ ವಧೂವರರ ಹೆಸರು, ತಾರೀಖು, ಛತ್ರದ ಹೆಸರು ಅಚ್ಚಾಗಿರುತ್ತಿತ್ತು. ಗೂಟದ ಮೇಲಿನ ಚೀಲಗಳನ್ನು ಸರಿಸುತ್ತ ಹೋದರೆ ಬಂಧುಬಳಗದ ಇಪ್ಪತ್ತು ವರ್ಷದ ಚರಿತ್ರೆ. ನಮ್ಮ ನೆಂಟರಲ್ಲಿ ಒಂದು ಮದುವೆ ಬೇಗನೆ ಮುರಿಯಿತು. ಅದರ ಚೀಲದಲ್ಲಿ ಮಾತ್ರ ಬಹಳ ವರ್ಷ ಈರುಳ್ಳಿ ಬಂತು. ಯಾರಾದರೂ ಬಂದಾಗ ಅಮ್ಮ ಅದನ್ನು ತಿರುವಿ, ಹೆಸರು ಗೋಡೆಯ ಕಡೆ ಮಾಡಿ ನೇತುಹಾಕುತ್ತಿದ್ದಳು.

ಕವರು ಯಾವ ದಿನ ಬಂತೆಂದು ಯಾರಿಗೂ ನೆನಪಿಲ್ಲ. ಒಂದೇ ಹಾಳೆಯಲ್ಲಿ ಹಿಡಿಯೂ ಸೇರಿ ಬರುವ ಪ್ಲಾಸ್ಟಿಕ್ ಚೀಲಕ್ಕೆ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ಎಂಬಾತ 1960ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರು. ನಮ್ಮ ಬೀದಿಯ ಶೆಟ್ಟರ ಅಂಗಡಿಗೆ ಅದು ಇಳಿದಾಗ ಕಾಲು ಶತಮಾನ ಕಳೆದಿತ್ತು. ಮೊದಮೊದಲು ಕವರನ್ನೂ ನಾವು ಚೀಲದ ಹಾಗೇ ಕಂಡೆವು. ತೊಳೆದೆವು, ತಂತಿಗೆ ಕ್ಲಿಪ್ ಹಾಕಿ ಒಣಗಿಸಿದೆವು, ಮಡಿಚಿ ಹಾಸಿಗೆಯ ಕೆಳಗೆ ಇಟ್ಟೆವು. ಅಮ್ಮನ ಹಾಸಿಗೆಯ ಕೆಳಗೆ ಕವರುಗಳು ಸರಸರ ಅನ್ನುತ್ತಿದ್ದವು. ಆಮೇಲೆ ಅಷ್ಟು ಬಂದವೆಂದರೆ ಮಡಿಚುವ ಕೈ ಸೋತಿತು. ಖಾಲಿ ಕೈಯಲ್ಲಿ ಮಾರುಕಟ್ಟೆಗೆ ಹೋಗುವುದು ಒಂದು ಸುಖ ಎಂದು ನಮಗೆ ಆಗಲೇ ಗೊತ್ತಾದದ್ದು. ಆ ಸುಖವನ್ನು ನಾನೂ ಅನುಭವಿಸಿದ್ದೇನೆ.

ಸರ್ಕಾರ ಮಾಡಿದ್ದೇನು ಕಡಿಮೆಯಲ್ಲ. 1999ರಲ್ಲಿ 20 ಮೈಕ್ರಾನಿಗಿಂತ ತೆಳ್ಳಗಿನದು ಬೇಡ ಎಂದರು. ಆ ಅಂಕಿ 40 ಆಯಿತು, 50 ಆಯಿತು, 75 ಆಯಿತು, 2022ರ ಕೊನೆಗೆ 120 ಆಯಿತು. ಕರ್ನಾಟಕವಂತೂ 2016ರ ಮಾರ್ಚಿನಲ್ಲೇ ಕೈಚೀಲದ ಪ್ಲಾಸ್ಟಿಕ್ಕನ್ನು ದಪ್ಪ ತೆಳುವೆನ್ನದೆ ನಿಷೇಧಿಸಿತು. ಗಾಂಧಿಬಜಾರಿಗೆ ಹೋಗಿ ನೋಡಿ, ಹೂವು ಯಾವುದರಲ್ಲಿ ಕೊಡುತ್ತಾರೆಂದು. 2015ರ ಕೊನೆಯಲ್ಲಿ ಹೈಕೋರ್ಟು ಎರಡು ಡಬ್ಬಿ, ಒಂದು ಚೀಲ ಎಂಬ ಕಸದ ಕ್ರಮ ತಂದಾಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಡೆದ ಸಭೆ ನನಗೆ ಮರೆತಿಲ್ಲ. ಡಬ್ಬಿ ಯಾವ ಬಣ್ಣ ಎಂಬುದು ಐದು ನಿಮಿಷಕ್ಕೆ ಇತ್ಯರ್ಥ. ಒಣಕಸಕ್ಕೆ ಚೀಲ ಎಲ್ಲಿಂದ ತರುವುದು ಎಂಬುದಕ್ಕೆ ಮುಕ್ಕಾಲು ಗಂಟೆ. ಬೀರುಗಳು ಬಿರಿಯುವಷ್ಟು ಬಟ್ಟೆ ಇದ್ದ ಮನೆಗಳವರು ಚೀಲವನ್ನು ಆನ್‌ಲೈನಿನಲ್ಲಿ ತರಿಸಿದರು.

ಅಂಗಡಿಯವರು ಈಗ ಕೊಡುವ ಬಟ್ಟೆಯಂಥ ಚೀಲ ಬಟ್ಟೆಯೇ ಅಲ್ಲ. ನೂಲು ತೆಗೆಯದೆ, ನೇಯದೆ, ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ ಹಾಳೆ. ತಾಂಬೂಲವೂ ಅದರಲ್ಲೇ ಬರುತ್ತದೆ. ಬಿಸಿಲಲ್ಲಿ ಇಟ್ಟು ಮರೆತರೆ ಒಂದು ದಿನ ಮುಟ್ಟಿದ ಕೂಡಲೆ ಪುಡಿ ಪುಡಿ. ಚದರ ಮೀಟರಿಗೆ 60 ಗ್ರಾಮಿಗಿಂತ ಹಗುರಾದದ್ದಕ್ಕೆ 2021ರಿಂದ ತಡೆ ಇದೆ. ಅಂಗಡಿಯ ಮುಂದೆ ತಕ್ಕಡಿ ಹಿಡಿದು ನಿಲ್ಲುವವರು ಯಾರು?

ಹಳೆ ಬಟ್ಟೆಯ ಚೀಲಕ್ಕೆ ಈಗ ಒಂದು ಬಗೆಯ ಮರುಹುಟ್ಟು ಬಂದಿದೆ, ನಿಜ. ದೆಹಲಿಯ ಗೂಂಜ್ ಸಂಸ್ಥೆ 1999ರಿಂದ ಊರೂರಿನ ಹಳೆ ಬಟ್ಟೆ ಸೇರಿಸಿ, ಉಡಲಾಗದ್ದನ್ನು ಚೀಲವಾಗಿಯೂ ಹೊಲಿಸುತ್ತದೆ. ಉತ್ತರ ಕರ್ನಾಟಕದ ಕೌದಿ, ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ತೇಪೆಯ ಕೌದಿ ನಗರದ ಪ್ರದರ್ಶನಗಳಿಗೆ ಬಂದು ಗೋಡೆ ಏರಿವೆ. ಕಡಲೆಕಾಯಿ ಪರಿಷೆಗೆ ಕೈಚೀಲ ತನ್ನಿ ಎಂದು ಈಚಿನ ವರ್ಷಗಳಲ್ಲಿ ಕರೆಯೂ ಕೊಡುತ್ತಿದ್ದಾರೆ. ಇವೆಲ್ಲ ಒಳ್ಳೆಯ ಕೆಲಸ, ಅದರ ಬಗ್ಗೆ ನನ್ನ ತಕರಾರಿಲ್ಲ. ಮಲ್ಲೇಶ್ವರದ ಒಂದು ಮಾರಾಟ ಮೇಳದಲ್ಲಿ ನನ್ನ ಸೊಸೆ ಸೀರೆ ತುಂಡುಗಳ ಚೀಲವೊಂದನ್ನು ಕೊಂಡಳು. ಚೆಂದದ ಕೆಲಸ, ಒಳಗೆ ಅಸ್ತರಿ, ಮರದ ಗುಂಡಿ. ಮೇಲೆ ಹೊಲಿದಿದ್ದು ಕ್ರೇಪ್ ರೇಷ್ಮೆ. "ಇದರಲ್ಲಿ ಏನು ತರ್ತೀಯಮ್ಮ?" ಎಂದೆ. "ಅಯ್ಯೋ ಅತ್ತೆ, ಇದರಲ್ಲಿ ಏನೂ ತರೋದಿಲ್ಲ, ಫೋನು ಇಟ್ಕೊಳ್ಳೋದು ಅಷ್ಟೆ" ಎಂದಳು. ಅವಳಿಗೆ ಸಾಮಾನು ಹೊರುವ ಚೀಲ ಬೇಕೇ ಇಲ್ಲ. ತೊಗರಿಬೇಳೆ ಕಾಗದದ ಚೀಲದಲ್ಲಿ ಹತ್ತು ನಿಮಿಷಕ್ಕೆ ಬಾಗಿಲಿಗೇ ಬರುತ್ತದೆ, ತಂದವನು ಮೆಟ್ಟಿಲಿಳಿಯುವಷ್ಟರಲ್ಲಿ ಆ ಕಾಗದ ಕಸದ ಡಬ್ಬಿಯಲ್ಲಿರುತ್ತದೆ.

ಹಾಗಾಗಿ ಚೀಲ ಹೋಯಿತೆಂದು ನಾನು ಅಳುವುದಿಲ್ಲ, ಚೀಲ ದುಡ್ಡಿಗೆ ಸಿಗುತ್ತದೆ. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಇದು ಹಿಟ್ಟು ತಡೆಯುತ್ತದೆ, ಇದು ತಡೆಯುವುದಿಲ್ಲ, ಇದಕ್ಕೆ ಇನ್ನು ಐದು ವರ್ಷ ಆಯಸ್ಸಿದೆ ಎಂದು ಹೇಳುತ್ತಿದ್ದ ಬೆರಳುಗಳು ಮನೆಯೊಳಗೆ ಇಲ್ಲವಾದವು. ನನಗೆ ನೋವಿರುವುದು ಅಲ್ಲಿ. ನನಗೇ ಅದು ಅರ್ಧಂಬರ್ಧ ಬರುತ್ತದೆ. ಅಮ್ಮನ ಕಾಲಕ್ಕೆ ಪೂರ್ತಿ ಬರುತ್ತಿತ್ತು. ನನ್ನ ಸೊಸೆ ಬಟ್ಟೆಯನ್ನು ಫೋನಿನಲ್ಲಿ ನೋಡಿ ಕೊಳ್ಳುತ್ತಾಳೆ, ಮೈಗೆ ಹಾಕಿಕೊಂಡ ಮೇಲೆ ಮೊದಲ ಸಲ ಮುಟ್ಟುತ್ತಾಳೆ, ಹಿಡಿಸದಿದ್ದರೆ ವಾಪಸು ಕಳಿಸುತ್ತಾಳೆ. ಅವಳ ತಪ್ಪಲ್ಲ. ಮಿಷಿನ್ ಅತ್ತೆಯ ಮಿಷನ್ನಿನ ಕಬ್ಬಿಣದ ಕಾಲನ್ನು ಅವರ ಮೊಮ್ಮಗ ಗುಜರಿಗೆ ಹಾಕಿದ. ಅಂಥ ಕಾಲುಗಳಿಗೆ ಈಗ ಬಹಳ ಬೇಡಿಕೆ, ಮೇಲೆ ಮರದ ಹಲಗೆ ಕೂರಿಸಿ ಕಾಫಿ ಅಂಗಡಿಗಳಲ್ಲಿ ಮೇಜು ಮಾಡುತ್ತಾರೆ.

ಹೋದ ವರ್ಷ ಮಗನ ಎರಡು ಹಳೆ ಜೀನ್ಸ್ ಹಿಡಿದುಕೊಂಡು ಬಸವನಗುಡಿಯಲ್ಲಿ ಅಂಗಡಿ ಜಗಲಿಯ ಮೇಲೆ ಮಿಷನ್ನು ಇಟ್ಟುಕೊಂಡು ಆಲ್ಟರೇಶನ್ ಮಾಡುವ ದರ್ಜಿಯ ಹತ್ತಿರ ಹೋದೆ. ವಯಸ್ಸಾದವರು. ಜೀನ್ಸಿನಲ್ಲಿ ಚೀಲ ಎಂದ ಕೂಡಲೆ ಅವರಿಗೆ ನಗು ಬಂತು. "ಹೊಸ ಬ್ಯಾಗೇ ಇದಕ್ಕಿಂತ ಕಮ್ಮಿಗೆ ಸಿಗತ್ತಲ್ಲ ಮೇಡಂ" ಎಂದರು. ಆದರೂ ಬಟ್ಟೆ ಕೈಗೆ ತೆಗೆದುಕೊಂಡರು. ಬೆಳಕಿಗೆ ಹಿಡಿದರು. ಎರಡು ಬೆರಳಲ್ಲಿ ಉಜ್ಜಿದರು, ಅಡ್ಡಕ್ಕೆ ಎಳೆದರು, ಬಿಟ್ಟರು.

"ಇದ್ರಲ್ಲಿ ರಬ್ಬರ್ ಸೇರಿಸಿದಾರೆ. ಲೈಕ್ರಾ. ಹೊಲಿದುಕೊಡ್ತೀನಿ, ಬೇಡ ಅನ್ನೋಲ್ಲ. ನೀವು ಎರಡು ಕೆಜಿ ಈರುಳ್ಳಿ ಹಾಕಿ ಕೊನೇ ಕ್ರಾಸ್ ತಿರುಗೋ ಹೊತ್ತಿಗೆ ಚೀಲ ಮೊಣಕಾಲಿಗೆ ಬಂದಿರತ್ತೆ."

ಹೊಲಿಸಿದೆ. ಹಿಡಿಗೆ ಚೌಕ ಹೊಲಿದು ಒಳಗೆ ಎರಡು ಗೆರೆ ಹಾಕಲು ಹೇಳಬೇಕೆಂದಿದ್ದೆ, ಹೇಳುವ ಮೊದಲೇ ಹಾಕಿದ್ದರು. ಅವರೆಂದ ಹಾಗೆಯೇ ಮೊದಲನೆಯ ದಿನವೇ ಚೀಲ ಒಂದು ಗೇಣು ಇಳಿಯಿತು. ಈಗ ಅದರಲ್ಲಿ ಸೊಪ್ಪು, ಬ್ರೆಡ್ಡು ತರುತ್ತೇನೆ. ಈರುಳ್ಳಿ ಒಂದು ಕೆಜಿ ಮೀರಿದರೆ ತಾಂಬೂಲದ ಹಳೆ ಚೀಲ ತೆಗೆಯುತ್ತೇನೆ.